ತಾರಸಿಯ ಮೇಲಿನ ಕೆರೆ

ಗೃಹಪ್ರವೇಶಕ್ಕೆ ಹೋದವರು ಸಾಮಾನ್ಯವಾಗಿ ಬಾಗಿಲಿನ ಕೆತ್ತನೆಯನ್ನೋ, ನೆಲದ ನಯವನ್ನೋ, ಹೋಳಿಗೆಯ ಪರಿಮಳ ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದನ್ನೋ ಗಮನಿಸುತ್ತಾರೆ. ನಾನು ಮಾತ್ರ, ಆ ಮನೆಗೆ ತಾರಸಿ ಇದ್ದದ್ದೇ ಆದರೆ, ಕೈಗಿತ್ತ ಪಾನಕದ ಲೋಟವನ್ನು ಹಾಗೆಯೇ ಹಿಡಿದುಕೊಂಡು ಮೇಲೆ ಹತ್ತಿ, ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ನೀರು ಹೊರಗೆ ಹೋಗುವ ತೂತಿನೊಳಗೆ ಬೆರಳಾಡಿಸಿ ನೋಡುತ್ತೇನೆ. ಮನೆಯ ಯಜಮಾನರು ನನ್ನನ್ನು ಕಂಡು ಏನನ್ನೋ ಕಳೆದುಕೊಂಡವನೆಂದು ತಿಳಿದು ಹುಡುಕಲು ಸಹಾಯಕ್ಕೆ ಬಂದದ್ದೂ ಉಂಟು. ಅಂಥ ಹೊತ್ತಿನಲ್ಲಿ ನನ್ನ ಹೆಂಡತಿ ಗಿರಿಜೆ, ಈ ಮನುಷ್ಯನಿಗೂ ತನಗೂ ಯಾವ ಸಂಬಂಧವೂ ಇಲ್ಲವೆಂಬಂತೆ, ತೋರಣದ ಮಾವಿನೆಲೆಗಳನ್ನು ನೋಡುತ್ತಾ ನಿಂತುಬಿಡುತ್ತಾಳೆ.

ಈ ಚಟ ನನಗೆ ಅಂಟಿದ್ದು ಸೋಮವಾರಪೇಟೆಯಲ್ಲಿ. ಕೊಡಗು ಮೈಸೂರು ರಾಜ್ಯದೊಳಗೆ ಸೇರಿ ಇನ್ನೂ ಕೆಲವೇ ವರ್ಷಗಳಾಗಿದ್ದ ಕಾಲ ಅದು. ನಾನು ಭೂಮಾಪನ ಇಲಾಖೆಯಲ್ಲಿ ಸರ್ವೆಯರ್ ಆಗಿ ಅರಕಲಗೂಡು ಕಡೆಯಿಂದ ವರ್ಗವಾಗಿ ಬಂದಿದ್ದೆ. ಆ ಕಡೆಯಿಂದ ಬಂದ ಸರ್ಕಾರಿ ನೌಕರರನ್ನೆಲ್ಲ ಪೇಟೆಯ ಜನ ಒಟ್ಟಾಗಿ 'ಮೈಸೂರಿನೋರು' ಎನ್ನುತ್ತಿದ್ದರು. ಮೈಸೂರು ಪಟ್ಟಣವನ್ನು ನಾನು ನೋಡಿದ್ದು ಒಂದೆರಡು ಬಾರಿ, ಅದೂ ಬಸ್ಸು ಬದಲಾಯಿಸುವ ಸಲುವಾಗಿ. ಆದರೂ ಆ ಬಿರುದನ್ನು ನಿರಾಕರಿಸುವಷ್ಟು ವಿನಯ ನನ್ನಲ್ಲಿರಲಿಲ್ಲ. ಬಿರುದು ಹೊತ್ತವರಿಗೆ ಜನ ನಮಸ್ಕಾರ ಮಾಡುತ್ತಾರೆಯೇ ಹೊರತು ಪಕ್ಕದಲ್ಲಿ ಬಂದು ಕೂರುವುದಿಲ್ಲ ಎಂಬುದು ನನಗೆ ಆಗ ಹೊಳೆದಿರಲಿಲ್ಲ. ಗಿರಿಜೆಗೆ ಮಾತ್ರ ಅದು ಬಂದ ವಾರದಲ್ಲೇ ಅರ್ಥವಾಗಿತ್ತು.

ಗಿರಿಜೆ ಹಿರಿಯೂರಿನ ಕಡೆಯವಳು. ಅವಳ ತವರಿನಲ್ಲಿ ಮಳೆಯೆಂಬುದು ದೂರದ ನೆಂಟ. ಬರುತ್ತೇನೆಂದು ಹೇಳಿಕಳಿಸಿ ಬಾರದೇ ಇರುವವನು, ಬಂದರೂ ಕಾಲು ತೊಳೆಯುವಷ್ಟರಲ್ಲಿ ಹೊರಟು ನಿಲ್ಲುವವನು. ಸೋಮವಾರಪೇಟೆಯಲ್ಲಾದರೋ ಅದೇ ನೆಂಟ ಮಿಥುನ ಮಾಸದಲ್ಲಿ ಹಾಸಿಗೆ ಬಿಚ್ಚಿದರೆ ನವರಾತ್ರಿಯವರೆಗೆ ಮಡಚುತ್ತಿರಲಿಲ್ಲ. ಮೊದಲ ಮಳೆಗಾಲದಲ್ಲಿ ಅವಳು ಕಿಟಕಿಯ ಬಳಿ ಕುಳಿತು, ಈ ಮಳೆ ಯಾವಾಗ ನಿಲ್ಲುತ್ತದೆ ಎಂದು ನನ್ನನ್ನು ದಿನವೂ ಕೇಳುತ್ತಿದ್ದಳು. ಎರಡನೆಯ ಮಳೆಗಾಲದಲ್ಲಿ ಕೇಳುವುದನ್ನು ನಿಲ್ಲಿಸಿದಳು. ಕೇಳುತ್ತಿದ್ದಾಗಿನದಕ್ಕಿಂತ ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಅವಳ ತವರಿನ ಕಬ್ಬಿಣದ ಪೆಟ್ಟಿಗೆ, ಒಳ್ಳೆಯ ಸೀರೆಗಳೆಲ್ಲ ಅದರೊಳಗೆ ಮಡಿಸಿಟ್ಟಂತೆಯೇ, ನಡುಮನೆಯಲ್ಲಿ ಕುಳಿತಿತ್ತು. ಅದನ್ನು ಅವಳು ಬಿಚ್ಚಲೇ ಇಲ್ಲ. "ಇವತ್ತಲ್ಲ ನಾಳೆ ಹೊರಡಾದೇ ಅಲ್ವ, ಬಿಚ್ಚಿ ಮತ್ತೆ ಮಡಸಾದ್ಯಾಕೆ" ಎನ್ನುತ್ತಿದ್ದಳು. ಪ್ರತಿವರ್ಷವೂ ಚಿತ್ರದುರ್ಗದ ಕಡೆಗೆ ವರ್ಗ ಕೋರಿ ಅರ್ಜಿ ಹಾಕುತ್ತಿದ್ದೆ. ಅದು ಪ್ರತಿವರ್ಷವೂ ಎಲ್ಲೋ ಸುಖನಿದ್ರೆಗೆ ಜಾರುತ್ತಿತ್ತು. ಕೊನೆಗೊಂದು ದಿನ ಅವಳು, ಇನ್ನೊಂದು ಮಳೆಗಾಲ ನೋಡುತ್ತೇನೆ, ಆಮೇಲೆ ನೀವು ಬಂದರೂ ಸರಿ ಬಾರದಿದ್ದರೂ ಸರಿ ನಾನು ಊರಿಗೆ ಹೋಗಿ ಇರುವವಳೇ, ಎಂದು ಜಗಳದ ದನಿಯೂ ಇಲ್ಲದೆ ಹೇಳಿಬಿಟ್ಟಳು. ಜಗಳವಾಗಿದ್ದರೆ ರಾಜಿಗೆ ದಾರಿಯಾದರೂ ಇರುತ್ತಿತ್ತು.

ಹೆಂಡತಿಯನ್ನು ಅವಳ ಊರಿಗೆ ಕರೆದೊಯ್ಯಲಾಗದ ಗಂಡ, ಊರನ್ನೇ ಅವಳ ಬಳಿಗೆ ತರಲು ಹೊರಟದ್ದರ ಫಲವೇ ನಮ್ಮ ತಾರಸಿ ಮನೆ. ಹಿರಿಯೂರು ಸೀಮೆಯಲ್ಲಿ ಮನೆಗಳ ತಲೆ ಚಪ್ಪಟೆ. ಬೇಸಗೆಯಲ್ಲಿ ಮಾಳಿಗೆಯ ಮೇಲೆ ಸಂಡಿಗೆ ಒಣಗುತ್ತದೆ, ಮೆಣಸಿನಕಾಯಿ ಒಣಗುತ್ತದೆ, ನೆರೆಹೊರೆಯ ಹೆಂಗಸರ ಮಾತುಗಳು ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ದಾಟುತ್ತವೆ. ಆ ಮಾಳಿಗೆಯ ಬದುಕನ್ನು ಗಿರಿಜೆ ವರ್ಣಿಸಿದ್ದನ್ನು ಕೇಳಿ ಕೇಳಿ, ಊರೆಲ್ಲ ಮಂಗಳೂರು ಹೆಂಚಿನ ಇಳಿಜಾರು ಮಾಡುಗಳಿರುವ ಪೇಟೆಯ ನಟ್ಟನಡುವೆ ತೊಲೆ, ಇಟ್ಟಿಗೆ, ಸುಣ್ಣದ ಗಾರೆಯ ಸಪಾಟಾದ ತಾರಸಿಯನ್ನು ಕಟ್ಟಿಸಿದೆ. ಒಳಗೆ ಜಾಗ ಉಳಿಯಲೆಂದು ಮೆಟ್ಟಿಲನ್ನು ಹೊರಗೋಡೆಗೆ, ಬೀದಿಯ ಬದಿಗೆ ಅಂಟಿಸಿದೆ. ಗಾರೆಯವನು, "ಸಾಹೇಬ್ರೆ, ನಮ್ಮ ಕಡೆ ಮಳೆಗೆ ಇದು ಆಗ್ತದಾ?" ಎಂದು ತಲೆ ಕೆರೆದುಕೊಂಡಾಗ, ಮಟ್ಟ ನೋಡುವುದು ನನ್ನ ಹೊಟ್ಟೆಪಾಡೇ ಅಲ್ಲವೇ ಎಂದು ನಕ್ಕು, ನೀರು ಯಾವ ಕಡೆ ಹರಿಯಬೇಕೆಂದು ಅವನಿಗೆ ನಾನೇ ದಾರ ಹಿಡಿದು ತೋರಿಸಿದೆ. ನೀರು ಆ ಕಡೆಯೇ ಹರಿಯಿತು ಎಂಬುದನ್ನು ಇಂದಿಗೂ ಹೆಮ್ಮೆಯಿಂದ ಹೇಳಬಲ್ಲೆ. ಹರಿದು ಅಲ್ಲೇ ನಿಂತದ್ದು ಬೇರೆ ವಿಚಾರ.

ಮನೆ ಮುಗಿದ ವರ್ಷವೇ ಒಂದು ಸೋಜಿಗ ನಡೆಯಿತು. ತಾರಸಿ ಊರಿಗೆ ಬಹಳ ಮೆಚ್ಚುಗೆಯಾಯಿತು. ಕಾಫಿ, ಕಾಳುಮೆಣಸು ಬೆಳೆಯುವವರಿಗೆ ಕೊಯ್ಲಿನ ಕಾಲದಲ್ಲಿ ಬೇಕಾದದ್ದು ಬಿಸಿಲು ಬೀಳುವ ಸಮತಟ್ಟಾದ ಕಣ. ಪೇಟೆಯೊಳಗೆ ಅಂಥ ಜಾಗ ಎಲ್ಲಿದೆ? ಎದುರು ಮನೆಯ ದೇವೀರಮ್ಮನವರಿಗೆ ಊರ ಹೊರಗೆ ತೋಟವಿತ್ತು. ಅವರು ಒಂದು ದಿನ ಬಂದು ಜಗಲಿಯ ಕೆಳಗೇ ನಿಂತು, "ಸಾಹೇಬ್ರೆ, ಒಂದೀಟು ಮೆಣಸು ಹರವಿಕೊಳ್ಳಾಣ ಅಂತ" ಎಂದರು. ನಾನು ಉದಾರವಾಗಿ ಒಪ್ಪಿದೆ. ಅಲ್ಲಿಂದ ಮುಂದೆ ಬೀದಿಯವರೆಲ್ಲ ಹೊರಗಿನ ಮೆಟ್ಟಿಲಿನಿಂದ ಹತ್ತುವುದು, ಹರವುವುದು, ಸಂಜೆ ಒಟ್ಟಿ ಗೋಣಿ ಹೊದಿಸುವುದು, ಇಳಿಯುವುದು. ಗಿರಿಜೆ ಒಳಗೆ ಒಬ್ಬಳೇ ಕುಳಿತು ತಲೆಯ ಮೇಲೆ ಓಡಾಡುವ ಹೆಜ್ಜೆಗಳನ್ನೂ ನಗುವನ್ನೂ ಕೇಳುತ್ತಿದ್ದಳು. ಮೆಟ್ಟಿಲು ಹೊರಗಿದ್ದುದರಿಂದ ಮನೆಯೊಳಕ್ಕೆ ಬರುವ ಪ್ರಮೇಯವೇ ಯಾರಿಗೂ ಬರಲಿಲ್ಲ. ಸಾಹೇಬರ ಹೆಂಡತಿ, ಮೈಸೂರಿನೋರು, ನಮ್ಮಂಥವರ ಹತ್ತಿರ ಮಾತಾಡುತ್ತಾರೋ ಇಲ್ಲವೋ ಎಂದು ಅವರಿಗೆ ಸಂಕೋಚ. ಕರೆಯದಿದ್ದರೂ ಬರಬಾರದೇ, ಇವರಿಗೆಷ್ಟು ಬಿಂಕ, ಎಂದು ಇವಳಿಗೆ ಬೇಸರ. ನಡುವೆ ನನ್ನ ತಾರಸಿ ಎಲ್ಲರಿಗೂ ಆಗಿಬಂದಿತ್ತು, ಯಾರಿಗಾಗಿ ಕಟ್ಟಿಸಿದೆನೋ ಅವಳೊಬ್ಬಳನ್ನು ಬಿಟ್ಟು.

ಇನ್ನು ಅದೇ ವರ್ಷದ ಮಳೆಗಾಲದ ಕಥೆ. ಕೊಡಗಿನಲ್ಲಿ ಮಳೆ ಹಿಡಿಯುವ ಮುಂಚೆ ಪ್ರತಿ ಮನೆಯ ಮಾಡನ್ನೂ ಹತ್ತಿ ಹೆಂಚು ಕೈಯಾಡಿಸುವುದು ಹಬ್ಬ ಮಾಡಿದಷ್ಟೇ ಕಡ್ಡಾಯ. ಒಡೆದದ್ದನ್ನು ತೆಗೆದು, ಸರಿದದ್ದನ್ನು ಕೂರಿಸಿ, ಪಾಚಿ ಕೆರೆದು, ನೀರು ಹರಿಯುವ ದಂಬೆಯೊಳಗಿನ ತರಗೆಲೆ ಬಳಿದು ಇಳಿದರೆ ಮೇಲೆ ಇಂದ್ರನೇ ಬಂದರೂ ಹೆದರಬೇಕಿಲ್ಲ. ಆ ದಿನಗಳಲ್ಲಿ ಬೀದಿಯ ಗಂಡಸರೆಲ್ಲ ಮಾಡಿನ ಮೇಲಿದ್ದರೆ, ನಾನು ಜಗಲಿಯಲ್ಲಿ ಪತ್ರಿಕೆ ಹಿಡಿದು ಕುಳಿತು, ಹೆಂಚಿಲ್ಲದವನ ಸುಖವನ್ನು ಎದುರು ಮಾಡಿನಲ್ಲಿದ್ದ ದೇವೀರಮ್ಮನ ಯಜಮಾನರಾದ ಗೌಡರಿಗೆ ಕೂಗಿ ಹೇಳುತ್ತಿದ್ದೆ. ಗೌಡರು ಪಾಪ, "ಹೌದೌದು, ನಿಮ್ಮದು ಅನುಕೂಲ" ಎನ್ನುತ್ತಿದ್ದರು. ಹೀಗೆ ಇಡೀ ಬೀದಿ ತನ್ನ ತನ್ನ ತಲೆಯನ್ನು ನೋಡಿಕೊಂಡಿತು. ತಾರಸಿಗೆ ಏನೂ ಮಾಡಬೇಕಿಲ್ಲವೆಂದು ನಾನೂ ನಂಬಿದ್ದೆ, ಊರೂ ನಂಬಿತ್ತು. ಅದರ ಮೇಲೆ ಒಬ್ಬ ನರಪ್ರಾಣಿಯೂ ಹತ್ತಲಿಲ್ಲ.

ಹತ್ತಿದ್ದರೆ ಕಾಣುತ್ತಿತ್ತು. ಕಾಳುಮೆಣಸು ದುಂಡಗಿನ ವಸ್ತು. ಕಾಲಿಗೆ ತಗುಲಿದರೆ ಉರುಳುತ್ತದೆ, ಉರುಳಿದರೆ ತಗ್ಗಿಗೆ ಹೋಗುತ್ತದೆ, ತಗ್ಗಿನ ತುದಿಯಲ್ಲಿ ನೀರಿನ ತೂತಿರುತ್ತದೆ. ಮೆಣಸು ಬೀದಿಗೆ ಬೀಳದಿರಲೆಂದು ಎರಡೂ ಮೂಲೆಯ ತೂತುಗಳಿಗೆ ಗೋಣಿಚೀಲದ ತುಂಡುಗಳನ್ನು ಗಟ್ಟಿಯಾಗಿ ತುರುಕಿದ್ದರು. ಮೆಣಸು ಒಣಗಿತು, ಚೀಲ ಸೇರಿತು, ಸಂತೆಗೂ ಹೋಯಿತು. ಗೋಣಿ ಮಾತ್ರ ತನ್ನ ಕರ್ತವ್ಯವನ್ನು ಬಿಡದೆ ಅಲ್ಲೇ ಇತ್ತು.

ಮಳೆ ಹಿಡಿಯಿತು. ಒಂದು ಭಾನುವಾರ ಪತ್ರಿಕೆ ಓದುತ್ತಿದ್ದಾಗ ಸಂಪಾದಕೀಯದ ಮೇಲೆ ಒಂದು ಹನಿ ಬಿತ್ತು. ಮೇಲೆ ನೋಡಿದರೆ ತೊಲೆಯ ಪಕ್ಕದಲ್ಲಿ ಒಂದು ಕಂದು ಕಲೆ. ಅದು ದಿನದಿನಕ್ಕೆ ಬೆಳೆದು ಹೋಬಳಿಯಾಯಿತು, ತಾಲ್ಲೂಕಾಯಿತು. ಜೀವಮಾನವಿಡೀ ಗಡಿ ಗುರುತಿಸಿದ ನಾನು ಅದರ ಗಡಿಗಳನ್ನು ಕುತೂಹಲದಿಂದ ಗಮನಿಸುತ್ತಾ, ಹೊಸ ಗಾರೆ, ಹವೆಯಲ್ಲಿ ತೇವಾಂಶ ಜಾಸ್ತಿ, ತಾನಾಗಿ ಆರುತ್ತದೆ, ಎಂದು ಗಿರಿಜೆಗೆ ವೈಜ್ಞಾನಿಕ ಸಮಾಧಾನ ಹೇಳುತ್ತಿದ್ದೆ. ಅವಳು ಕಲೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಅದರ ಕೆಳಗೆ ಒಂದು ಪಾತ್ರೆ ಇಟ್ಟಳು. ಅದು ಅವಳು ನೋಡುತ್ತೇನೆಂದಿದ್ದ ಕೊನೆಯ ಮಳೆಗಾಲ ಎಂಬುದು ನನಗೆ ಕ್ಷಣವೂ ಮರೆತಿರಲಿಲ್ಲ. ಮಳೆಯನ್ನು ನಿಲ್ಲಿಸುವ ಅಧಿಕಾರವಂತೂ ನನಗಿಲ್ಲ. ಸೋರುವುದನ್ನು ಒಪ್ಪಿಕೊಂಡರೆ ಅವಳಿಗಾಗಿ ಕಟ್ಟಿಸಿದ್ದೇ ವ್ಯರ್ಥವೆಂದು ಒಪ್ಪಿಕೊಂಡಂತೆ. ಹಾಗಾಗಿ ತೇವಾಂಶವನ್ನೇ ನಂಬಿಕೊಂಡೆ.

ಬಿಡದೆ ಸುರಿದ ಒಂದು ವಾರದ ಕೊನೆಗೆ, ಊಟದ ಹೊತ್ತಿಗೆ ಸರಿಯಾಗಿ, ನಡುಮನೆಯ ಮೇಲ್ಭಾಗದ ಗಾರೆ ಒಂದು ಬಾಗಿಲಿನಷ್ಟು ಅಗಲಕ್ಕೆ, ಒಂದೆರಡು ಇಟ್ಟಿಗೆಗಳ ಸಮೇತ, ಕಳಚಿ ಬಿತ್ತು. ಅದರ ಹಿಂದೆಯೇ ನೀರು. ಪುಣ್ಯಕ್ಕೆ ನಾವಿಬ್ಬರೂ ಅಡುಗೆಮನೆಯಲ್ಲಿದ್ದೆವು. ನಡುಮನೆಯಲ್ಲಿ ಇದ್ದದ್ದು ಗಿರಿಜೆಯ ಪೆಟ್ಟಿಗೆ. ಮನೆಯಲ್ಲೆಲ್ಲ ತೇವ ಮುಟ್ಟದ ಜಾಗ ಅದೊಂದೇ ಎಂದು ನಾನೇ ಆರಿಸಿ ಅಲ್ಲಿ ಇಡಿಸಿದ್ದೆ. ಇಟ್ಟಿಗೆಯ ಏಟಿಗೆ ಮುಚ್ಚಳ ಬಾಗಿ, ನೀರು ಅದರೊಳಕ್ಕೇ ಧಾರೆಯಾಗಿ ಇಳಿಯುತ್ತಿತ್ತು. ಹಾಸಿಗೆ ನೆನೆಯಿತು, ಅಕ್ಕಿ ನೆನೆಯಿತು, ಗೋಡೆಯ ಫೋಟೋದೊಳಗಿನ ನನ್ನ ಮಾವನವರ ಮೀಸೆ ಕರಗಿ ಅಂಗಿಯ ಮೇಲೆ ಇಳಿಯಿತು. ಗಿರಿಜೆ ಪಾದ ಮುಳುಗುವ ನೀರಿನಲ್ಲಿ ನಿಂತು ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ನಾನು ಅವಳ ಮುಖ ನೋಡಲಾರದೆ ಹೊರಗೆ ಓಡಿದೆ.

ಓಡಿದವನು ಮೆಟ್ಟಿಲು ಹತ್ತಿ ನೋಡಿದರೆ, ಮೇಲೊಂದು ಕೆರೆ. ಸುತ್ತಲೂ ಮೋಟುಗೋಡೆಯ ಏರಿ, ನಡುವೆ ಮೊಣಕಾಲುದ್ದದ ನೀರು, ನೀರಿನ ಮೇಲೆ ತೇಲುವ ಎಲೆಗಳು. ಒಂದು ಕಪ್ಪೆ ಸಂಸಾರ ಸಮೇತ ಬಂದು ನೆಲೆಸಿತ್ತು. ಕೆಳಗಿನಿಂದ ತೂತಿನ ಕೊಳವೆಯನ್ನು ಪರೀಕ್ಷಿಸಿದರೆ ಕಾರಣ ತಿಳಿದೀತೆಂದು ಮತ್ತೆ ಇಳಿದು, ಕೊಡೆ ಓರೆ ಮಾಡಿ, ಕತ್ತೆತ್ತಿ ಅದರೊಳಗೆ ಇಣುಕುತ್ತಿದ್ದೆ. ಅಷ್ಟರಲ್ಲಿ ಸದ್ದು ಕೇಳಿ, ಮಳೆಗೆ ಹೊದೆಯುವ ಎಲೆಯ ಗೊರಬೆ ಹೊದ್ದು ಬಂದ ದೇವೀರಮ್ಮ ನನ್ನನ್ನು ದಾಟಿ ಮೇಲೆ ಹತ್ತಿದ್ದು, ಏನೋ ಜ್ಞಾಪಕ ಬಂದು ನೀರಿನೊಳಗೆ ಕೈ ಹಾಕಿ ಗೋಣಿಯನ್ನು ಸೆಳೆದದ್ದು ನನಗೆ ಗೊತ್ತಾಗಲಿಲ್ಲ. ಗೊತ್ತಾಗುವ ಹೊತ್ತಿಗೆ ಕೆರೆಯ ಅರ್ಧ ಪಾಲು ನನ್ನ ಮುಖದ ಮೇಲಿತ್ತು. ಕೊಡೆ ಬೀದಿಯ ಕೊನೆಯಲ್ಲಿ ಸಿಕ್ಕಿತು. ಕನ್ನಡಕ ಸಿಗಲೇ ಇಲ್ಲ.

ದೇವೀರಮ್ಮ ಕೈಯಲ್ಲಿ ಕೊಳೆತ ಗೋಣಿಯನ್ನು ಹಿಡಿದೇ ಕೆಳಗಿಳಿದು, ಮೊಟ್ಟಮೊದಲ ಬಾರಿಗೆ ನಮ್ಮ ಹೊಸ್ತಿಲು ದಾಟಿ ಒಳಗೆ ಬಂದರು. ನಡುಮನೆಯನ್ನು ನೋಡಿದರು, ನೀರಿನಲ್ಲಿ ನಿಂತಿದ್ದ ಗಿರಿಜೆಯನ್ನು ನೋಡಿದರು. ಅವರ ಮುಖ ಬಾಡಿಹೋಯಿತು. "ನಾವು ತುರುಕಿದ್ದು ಕಣವ್ವ ಇದು. ನಮ್ಮ ಮೆಣಸಿಗೆ ನಿನ್ನ ಮನೆ ಹೋಯ್ತು" ಎಂದರು. ಅಲ್ಲಿಯವರೆಗೆ ಗಿರಿಜೆಯನ್ನು 'ಅಮ್ಮಾವ್ರು' ಎನ್ನುತ್ತಿದ್ದವರ ಬಾಯಿಂದ ಅವ್ವ ಬಂದದ್ದು ಅವರಿಗೇ ತಿಳಿಯಲಿಲ್ಲ. ಗಿರಿಜೆ ಆಗ ಅತ್ತಳು. ಬಂದಾಗಿನಿಂದ ಕೂಡಿಟ್ಟದ್ದನ್ನೆಲ್ಲ ಅತ್ತಳೆಂದು ತೋರುತ್ತದೆ. ದೇವೀರಮ್ಮ ಸೆರಗು ಬಿಗಿದು ಪೆಟ್ಟಿಗೆಯ ಒಂದು ಹಿಡಿ ಹಿಡಿದು, "ನೀನು ಆ ಕಡೆ ಹಿಡ್ಕ. ನಮ್ಮ ಒಲೆ ಉರೀತಾ ಅದೆ, ಮೊದಲು ಸೀರೆ ಒಣಗಲಿ" ಎಂದರು. ಇಬ್ಬರೂ ಪೆಟ್ಟಿಗೆ ಹೊತ್ತು ಮಳೆಯಲ್ಲಿ ಬೀದಿ ದಾಟಿದರು. ಕನ್ನಡಕವಿಲ್ಲದ ನಾನು ಮಸುಕಾಗಿ ಕಾಣುತ್ತಿದ್ದ ಅವರ ಹಿಂದೆ ನಡೆದೆ.

ಮೈಸೂರು ಸೀಮೆಯ ಓದುಗರು ಇಲ್ಲಿ ಒಂದು ವಿಷಯ ತಿಳಿಯಬೇಕು. ಆ ಊರಿನಲ್ಲಿ ಆಷಾಢದಲ್ಲಿ ನೆನೆದ ಮನೆ ಆಷಾಢದಲ್ಲಿ ಒಣಗುವುದಿಲ್ಲ, ಶ್ರಾವಣದಲ್ಲೂ ಒಣಗುವುದಿಲ್ಲ. ಎರಡು ದಿನದ ಮಟ್ಟಿಗೆಂದು ದೇವೀರಮ್ಮನವರ ಮನೆಗೆ ಹೋದ ನಾವು ಆ ಮಳೆಗಾಲ ಪೂರ್ತಿ ಅಲ್ಲಿಯೇ ಉಳಿದೆವು. ಅವರ ಅಡುಗೆಮನೆಯಲ್ಲಿ ಕೆಂಡದ ಮೇಲೆ ದೊಡ್ಡ ಬಿದಿರು ಬುಟ್ಟಿಯನ್ನು ಕವುಚಿ, ಅದರ ಮೇಲೆ ಬಟ್ಟೆ ಹರವಿ ಒಣಗಿಸುತ್ತಿದ್ದರು. ಗಿರಿಜೆಯ ಪೆಟ್ಟಿಗೆಯ ಸೀರೆಗಳು ಒಂದೊಂದಾಗಿ ಆ ಬುಟ್ಟಿಯ ಮೇಲೇರಿದವು. ಒಂದೊಂದು ಸೀರೆ ಒಣಗಲೂ ಒಂದು ಮಧ್ಯಾಹ್ನ ಬೇಕು. ಒಣಗುವವರೆಗೆ ಪಕ್ಕದಲ್ಲಿ ಕುಳಿತು ಮಗ್ಗುಲು ಬದಲಿಸುತ್ತಿರಬೇಕು. ಸುಮ್ಮನೆ ಕೂರಲಾಗದಿದ್ದರೆ ಅದು ಯಾರು ಕೊಟ್ಟದ್ದು, ಯಾವ ಹಬ್ಬದ್ದು ಎಂದು ಹೇಳಬೇಕು. ಬೀದಿಯ ಹೆಂಗಸರೆಲ್ಲ, ತಮ್ಮ ಗೋಣಿಯೂ ಆ ತೂತಿನಲ್ಲಿತ್ತೇನೋ ಎಂಬ ಅಳುಕಿಗೋ, ಹಿರಿಯೂರಿನ ಸೀರೆಗಳ ಕುತೂಹಲಕ್ಕೋ, ಆ ಒಲೆಯ ಸುತ್ತ ಬಂದು ಕೂರತೊಡಗಿದರು. ಸೀರೆಗಳಿಗೆ ಹತ್ತಿದ ಹೊಗೆಯ ವಾಸನೆ ಆಮೇಲೆ ಎಷ್ಟು ಒಗೆದರೂ ಹೋಗಲಿಲ್ಲ. ಗಿರಿಜೆ ಅದನ್ನು ಹೋಗಲಾಡಿಸಲು ಅಂಥ ಪ್ರಯತ್ನವನ್ನೇನೂ ಮಾಡಲಿಲ್ಲ.

ಕಳಲೆ ಹೆಚ್ಚುವುದನ್ನು ಕಲಿತಳು, ಕೆಸುವಿನೆಲೆ ಸುತ್ತುವುದನ್ನು ಕಲಿತಳು, ಯಾವ ಅಣಬೆ ತಿನ್ನಬಹುದು ಯಾವುದು ತಿನ್ನಬಾರದು ಎಂಬುದನ್ನು ನನ್ನ ಮೇಲೆ ಪ್ರಯೋಗ ಮಾಡದೆಯೇ ಕಲಿತಳು. ಬದಲಿಗೆ ಹಿರಿಯೂರಿನ ರೊಟ್ಟಿ ತಟ್ಟುವ ಸದ್ದು ಆ ಮನೆಯಲ್ಲಿ ಕೇಳಿಸಿತು. ನಡುವೆ ಆಟಿ ಹದಿನೆಂಟು, ಎಂದರೆ ಆಟಿ ತಿಂಗಳ ಹದಿನೆಂಟನೆಯ ದಿನ, ಬಂತು. ಆ ದಿನ ಕೊಡಗಿನವರು ಕಾಡಿನ ಮದ್ದುಸೊಪ್ಪನ್ನು ತಂದು, ಅದನ್ನು ಬೇಯಿಸಿದ ನೀರಿನಲ್ಲಿ ಪಾಯಸ ಮಾಡುತ್ತಾರೆ. ನೇರಳೆ ಬಣ್ಣ, ಅಪೂರ್ವ ಪರಿಮಳ, ಅದರೊಳಗೆ ಹದಿನೆಂಟು ಬಗೆಯ ಔಷಧಿ ಸೇರಿರುತ್ತದಂತೆ. ಆರೋಗ್ಯದ ವಿಷಯದಲ್ಲಿ ನಾನು ಜಿಪುಣನಲ್ಲವಾದ್ದರಿಂದ ಲೋಟದ ಮೇಲೆ ಲೋಟ ಕುಡಿದೆ. ಮರುದಿನ ಬೆಳಿಗ್ಗೆ ಬಚ್ಚಲಿಗೆ ಹೋದವನು ಅಲ್ಲಿ ಕಂಡ ಕೆಂಪುಬಣ್ಣವನ್ನು ನೋಡಿ, ನನ್ನ ಆಯುಸ್ಸು ಮುಗಿಯಿತೆಂದು ನಿಶ್ಚಯಿಸಿ, ಯಾರಿಗೂ ಹೇಳದೆ, ಕೊಡೆಯನ್ನೂ ಮರೆತು, ಡಾಕ್ಟರ ಮನೆಯ ಬಾಗಿಲು ತಟ್ಟಿದೆ. ಅವರು ನನ್ನ ನಾಡಿಯನ್ನೂ ಮುಟ್ಟದೆ, "ನಿನ್ನೆ ಪಾಯಸ ಕುಡಿದ್ರ? ಮದ್ದು ಹಿಡಿದದೆ, ಮನೆಗೆ ಹೋಗಿ" ಎಂದರು. ಮದ್ದುಸೊಪ್ಪಿನ ಬಣ್ಣ ಹೊರಬರುವ ದಾರಿ ಅದೇ ಎಂಬುದು ಊರಿನ ಹಸುಳೆಗಳಿಗೂ ಗೊತ್ತಿತ್ತು.

ಸುದ್ದಿ ನನಗಿಂತ ಮುಂಚೆ ಮನೆ ಸೇರಿತ್ತು. ಒದ್ದೆಯಾಗಿ ಜಗಲಿ ಹತ್ತುವಾಗ ಅಡುಗೆಮನೆಯಿಂದ ಹೆಂಗಸರ ನಗು ಕೇಳಿಸಿತು; ಅದರಲ್ಲಿ ಒಂದು ನಗು ಎಲ್ಲಕ್ಕಿಂತ ಮೇಲೆದ್ದು, ತಡೆದುಕೊಂಡು, ಮತ್ತೆ ಎದ್ದಿತು. ಯಾರದೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಸೋಮವಾರಪೇಟೆಗೆ ಬಂದ ಮೇಲೆ ಗಿರಿಜೆಯ ನಗುವನ್ನು ನಾನು ಕೇಳಿರಲಿಲ್ಲ. ನನ್ನನ್ನೇ ಕುರಿತ ನಗುವಾದರೂ ಬಾಗಿಲ ಮರೆಯಲ್ಲಿ ನಿಂತು ಅದನ್ನು ಪೂರ್ತಿಯಾಗಿ ಕೇಳಿದೆ. ಇದಕ್ಕಾಗಿ ಇನ್ನೊಂದು ತಾರಸಿ ಬಿದ್ದರೂ ಚಿಂತೆಯಿಲ್ಲ ಅನ್ನಿಸಿತು.

ಮಳೆ ಹಿಂದೆಗೆದ ಮೇಲೆ ಮನೆಯ ರಿಪೇರಿ. ತಾರಸಿಯನ್ನು ಬಲಪಡಿಸಿ ಅದರ ಮೇಲೆ ಕಂಬ ನಿಲ್ಲಿಸಿ ಹೆಂಚಿನ ಮಾಡು ಹೊದಿಸುವುದೊಂದೇ ಉಪಾಯವೆಂದು ಗಾರೆಯವನು ಹೇಳಿದ. ಈ ಸಲ ನಾನು ಅವನಿಗೆ ದಾರ ಹಿಡಿದು ತೋರಿಸಲಿಲ್ಲ. ಬೀದಿಯವರು ತಮ್ಮ ತಮ್ಮ ಮನೆಗಳ ಹಿಂದೆ ಪೇರಿಸಿಟ್ಟಿದ್ದ ಹಳೆಯ ಹೆಂಚುಗಳನ್ನು ತಂದು ಸುರಿದರು. ಒಂದೊಂದು ಸಾಲಿಗೆ ಒಂದೊಂದು ಬಣ್ಣ. ಟೊಪ್ಪಿಯ ಮೇಲೆ ರುಮಾಲು ಸುತ್ತಿದ ಮನುಷ್ಯನಂತೆ ಮನೆ ವಿಚಿತ್ರವಾಗಿ ಕಾಣುತ್ತಿತ್ತು. ಆದರೆ ಆ ಮಾಡಿನ ಕೆಳಗೆ, ಮಳೆ ಬಂದರೂ ನೆನೆಯದ, ನಾಲ್ಕೂ ಕಡೆ ಗಾಳಿಯಾಡುವ ಒಂದು ವಿಶಾಲವಾದ ಅಂಗಳ ದಕ್ಕಿತು. ನೀರು ಕುಡಿದು ಉಬ್ಬಿದ ಹೊರಗೋಡೆಯ ಜೊತೆಗೆ ಮೆಟ್ಟಿಲನ್ನೂ ಕೆಡವಬೇಕಾಗಿತ್ತು. ಮತ್ತೆ ಎಲ್ಲಿ ಕಟ್ಟಲಿ ಎಂದು ಗಾರೆಯವನು ನನ್ನನ್ನು ಕೇಳಿದಾಗ ಗಿರಿಜೆ ಒಳಗಿನಿಂದ ಬಂದು, "ಇಲ್ಲಿ, ಅಡುಗೆಮನೆ ಪಕ್ಕ. ಮೇಲಕ್ಕೆ ಹೋಗೋರು ಒಳಗಿಂದ್ಲೇ ಹೋಗ್ಲಿ" ಎಂದಳು. ಜಾಗ ಹಾಳಾಗುತ್ತದೆ ಎಂದು ನಾನು ಹೇಳಹೊರಟೆ. ಅವಳು ನನ್ನ ಕಡೆ ನೋಡಿದ ರೀತಿಗೆ, ಗಾರೆಯವನಿಗೆ ಅಡುಗೆಮನೆಯ ದಾರಿ ತೋರಿಸಿದೆ.

ಮರುವರ್ಷ ಮೆಣಸಿನ ಕಾಲದಲ್ಲಿ ನಮ್ಮ ಅಡುಗೆಮನೆಯ ಮುಂದೆ ಸಂತೆ ನೆರೆಯಿತು. ಬುಟ್ಟಿ ಹೊತ್ತು ಬಂದವರು ಒಂದು ಲೋಟ ಕಾಫಿ ಕುಡಿಯದೆ ಹತ್ತುವಂತಿಲ್ಲ, ಒಂದು ಸುದ್ದಿ ಹೇಳದೆ ಇಳಿಯುವಂತಿಲ್ಲ. ಮಾಡಿನಂಚಿನ ಬಿಸಿಲಿನಲ್ಲಿ ಕಾಳುಮೆಣಸಿನ ಪಕ್ಕದಲ್ಲಿ ಹಿರಿಯೂರಿನ ಸಂಡಿಗೆ ಒಣಗುತ್ತಿತ್ತು. ಹೀಗಿರುವಾಗ, ಇಷ್ಟು ವರ್ಷ ಮಲಗಿದ್ದ ನನ್ನ ಅರ್ಜಿ ಎಚ್ಚರಗೊಂಡು, ಚಿತ್ರದುರ್ಗಕ್ಕೆ ವರ್ಗವಾಗಿದೆಯೆಂಬ ಆಜ್ಞೆ ಬಂತು. ಅವಳಿಗಾಗಿ ವರ್ಷವರ್ಷವೂ ಬೇಡಿದ್ದು ಅದನ್ನೇ. ಬಂದಾಗ ಆ ಕಾಗದವನ್ನು ಮತ್ತೆ ಮತ್ತೆ ಮಡಿಸಿ ಜೇಬಿನ ತಳಕ್ಕೆ ತಳ್ಳಿದೆ. ಮುಚ್ಚಿಡುವಂತಿರಲಿಲ್ಲ. ಸಂಜೆ ಮನೆಗೆ ಬಂದು, ವರ್ಗವಾಯಿತು, ನಿನ್ನ ಸೀಮೆಗೇ, ಎಂದೆ.

ಅವಳು ಮೊರದಲ್ಲಿ ಮೆಣಸು ಕೇರುತ್ತಿದ್ದಳು. ಕೇರುವುದನ್ನು ನಿಲ್ಲಿಸಲಿಲ್ಲ. ಪೆಟ್ಟಿಗೆ ಎಲ್ಲಿದೆ, ಕಟ್ಟಬೇಕಲ್ಲ, ಎಂದು ನಾನೇ ಕೇಳಿದೆ.

"ದೇವೀರಕ್ಕನ ಮನೇಲೈತೆ" ಎಂದಳು. "ತುಕ್ಕು ಹಿಡಿದಿತ್ತಲ್ಲ, ಕೋಳಿ ಕಾವಿಗೆ ಕೂರ್ಸಕ್ಕೆ ಕೊಟ್ಟೆ. ಈಗ ಕೂತೈತೆ, ಎಬ್ಸಂಗಿಲ್ಲ."

ಮರಿಯಾದ ಮೇಲೆ ತರಬಹುದಲ್ಲ, ಎಂದೆ.

"ಆಮೇಲೆ ಹೆಂಚು ಕೈಯಾಡ್ಸಾದದೆ. ಈ ವರ್ಷ ನೀವೇ ಹತ್ತಿ" ಎಂದು ಮೊರವನ್ನೊಮ್ಮೆ ಕೊಡವಿದಳು.

ನಾನು ಮಡಿಕೇರಿಗೆ ಹೋಗಿ ವರ್ಗವನ್ನು ರದ್ದು ಮಾಡಿಸಿಕೊಂಡು ಬಂದೆ. ಸೋಮವಾರಪೇಟೆಗೆ ಹಾಕಿದ್ದಕ್ಕೆ ಅತ್ತವರನ್ನು ಕಂಡಿದ್ದ ಮೇಲಧಿಕಾರಿಗಳು ಅಲ್ಲಿಂದ ತೆಗೆದದ್ದಕ್ಕೆ ಅಳುವವನನ್ನು ಮೊದಲ ಬಾರಿಗೆ ಕಂಡು, ಕುರ್ಚಿ ಕೊಟ್ಟು, ನೀರು ತರಿಸಿದರು. ನೀರಿನ ವಿಷಯದಲ್ಲಿ ನಾನು ಅಷ್ಟು ಕೃತಜ್ಞನಾದದ್ದನ್ನು ಅವರು ಯಾಕೆಂದು ಕೇಳಲಿಲ್ಲ. ಆ ಬೇಸಗೆಯಲ್ಲಿ ಮಾಡು ಹತ್ತಿದೆ. ಎದುರು ಜಗಲಿಯಲ್ಲಿ ಗೌಡರು ಪತ್ರಿಕೆ ಹಿಡಿದು ಕುಳಿತು, ಹೆಂಚು ಹೇಗೆ ಹಿಡಿಯಬೇಕೆಂದು ನನಗೆ ಕೂಗಿ ಹೇಳುತ್ತಿದ್ದರು.

ಆದ್ದರಿಂದ, ಎಂದಾದರೂ ನಿಮ್ಮ ಗೃಹಪ್ರವೇಶಕ್ಕೆ ಬಂದ ಮುದುಕನೊಬ್ಬ ತಾರಸಿಯ ಮೂಲೆಯಲ್ಲಿ ಕುಕ್ಕರಿಸಿ ತೂತಿಗೆ ಬೆರಳು ಹಾಕುತ್ತಿದ್ದರೆ ತಪ್ಪು ತಿಳಿಯಬೇಡಿ. ಈಚೆಗೆ ಆ ಪರೀಕ್ಷೆ ಬೇಗ ಮುಗಿಯುತ್ತದೆ. ಇಳಿಯುವಾಗ ನಾನು ನೋಡುವುದು ಮೆಟ್ಟಿಲು ಎಲ್ಲಿಗೆ ಇಳಿಯುತ್ತದೆ ಎಂಬುದನ್ನು. ಅದು ನೇರವಾಗಿ ಬೀದಿಗೆ ಇಳಿದರೆ ಯಜಮಾನರಿಗೆ ಒಂದು ಮಾತು ಹೇಳೋಣವೆನಿಸಿ ಅವರನ್ನು ಹುಡುಕುತ್ತೇನೆ. ಅಷ್ಟರಲ್ಲಿ ಗಿರಿಜೆ, ಹೊಗೆಯ ವಾಸನೆ ಇನ್ನೂ ಬಿಡದ ತನ್ನ ರೇಷ್ಮೆ ಸೀರೆಯ ಸೆರಗನ್ನು ಹೊದ್ದು, ಆ ಮನೆಯ ಅಡುಗೆಮನೆಯಿಂದ ಹೊರಗೆ ಬಂದು, ಎಲೆ ಹಾಕಿದ್ದಾರೆ ಬನ್ನಿ, ಎಂದು ಕರೆಯುತ್ತಾಳೆ.